ರಾತ್ರಿ ತಂಗುವುದೆಲ್ಲಿ?

ಗೋಕರ್ಣದಿಂದ ಕುಮಟೆಗೆ ಕಡಲಂಚಿನಲ್ಲೇ ನಡೆದು ಹೋಗಬೇಕೆಂದು ಮಗನ ಹಟ. ಪಿಯುಸಿ ಪರೀಕ್ಷೆ ಮುಗಿದಿತ್ತು; ಇಬ್ಬರು ಗೆಳೆಯರೂ ಸಿದ್ಧ.

'ರಾತ್ರಿ ಎಲ್ಲಿ ಉಳಿಯುತ್ತೀರೋ?' ಅಪ್ಪ ಕೇಳಿದರು.

'ಕತ್ತಲಾದಲ್ಲಿ, ಮರಳಿನ ಮೇಲೆ.'

ಅಪ್ಪ ಬೈಯಲಿಲ್ಲ. ಗೋಡೆಯ ಪಂಚಾಂಗ ಇಳಿಸಿ ತಂದರು. ಹೊರಡುವ ಮರುದಿನವೇ ಹುಣ್ಣಿಮೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಸೂರ್ಯ ಚಂದ್ರರ ಸೆಳೆತ ಒಂದುಗೂಡಿ ಭರತ ಹೆಚ್ಚು ಏರುತ್ತದೆ. ಸಂಜೆ ಒಣಗಿದ್ದ ಮರಳು ನಡುರಾತ್ರಿ ನೀರಿನಡಿ ಇರಬಹುದು. ಇಳಿತದಿಂದ ಭರತಕ್ಕೆ ಸುಮಾರು 6 ಗಂಟೆ. ದಿನಕ್ಕೆ ಸುಮಾರು 50 ನಿಮಿಷ ವೇಳೆ ಮುಂದೆ ಸರಿಯುತ್ತದೆ.

ಮಗ ನಕ್ಷೆ ಹರಡಿದ. ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ತೀರಗಳ ನಡುವೆ ಬಂಡೆಗುಡ್ಡಗಳು. ಮುಂದೆ ತದಡಿಯಲ್ಲಿ ಅಘನಾಶಿನಿ ನದಿಯೇ ಅಡ್ಡ. ದೋಣಿ ಸಿಕ್ಕರಷ್ಟೇ ಆಚೆ ದಡ. ಎಷ್ಟು ದೂರ ನಡೆಯಬಲ್ಲೆವು ಎಂಬ ಲೆಕ್ಕ ಬಿಟ್ಟು, ಹೊತ್ತು ಮುಳುಗುವ ಮೊದಲು ಯಾವ ಸೂರಿನಡಿ ಇರಬೇಕು ಎಂದು ಮಗ ಬರೆಯತೊಡಗಿದ. ಪ್ರತಿ ರಾತ್ರಿಗೂ ಒಂದು ಜಾಗ. ಅದು ತಪ್ಪಿದರೆ ಇನ್ನೊಂದು. ಹಾಳೆಯ ಪ್ರತಿಯನ್ನು ಅಮ್ಮ ಅಡುಗೆಮನೆಯ ಗೋಡೆಗೆ ಅಂಟಿಸಿಕೊಂಡರು.

ಎಣಿಸಿದಂತೆ ನಡೆಯಲಿಲ್ಲ. ಗೆಳೆಯನ ಅಂಗಾಲಿಗೆ ಬೊಬ್ಬೆ ಎದ್ದು, ತದಡಿ ತಲುಪಿದಾಗ ಕತ್ತಲು. ದೋಣಿ ನಿಂತಿತ್ತು. 'ದಾಟಲಾಗದಿದ್ದರೆ ರಿಕ್ಷಾದಲ್ಲಿ ಗೋಕರ್ಣಕ್ಕೆ ವಾಪಸು' ಎಂದು ಹಾಳೆಯಲ್ಲಿತ್ತು. ಹಾಗೇ ಮಾಡಿ ಮನೆಗೆ ಫೋನ್ ಮಾಡಿದರು. ಮರುದಿನ ಬೆಳಗಿನ ದೋಣಿಯಲ್ಲಿ ನದಿ ದಾಟಿದರು.

ಒಂದು ದಿನ ತಡವಾಗಿ ಬಂದ ಮಗನಿಗೆ ಅಪ್ಪ ಹೇಳಿದ್ದು ಇಷ್ಟೇ: 'ಮುಂದಿನ ಸಲ ಹೊನ್ನಾವರದವರೆಗೆ ಹೋಗಿ.'