ಒಂದು ಒಲೆ, ನಾಲ್ಕು ಎಲೆ

ಕಂಪ್ಯೂಟರ್ ಎಂಬ ಪೆಟ್ಟಿಗೆ ಮನೆಗಳಿಗೆ ಕಾಲಿಟ್ಟ ಹೊಸದರಲ್ಲಿ ಅದರ ಮುಖಕ್ಕಿಂತ ಬೆನ್ನೇ ಹೆಚ್ಚು ದಿಗಿಲು ಹುಟ್ಟಿಸುತ್ತಿತ್ತು. ಕೀಲಿಮಣೆಗೆ ಒಂದು ದುಂಡು ಬಾಯಿ, ಮೌಸ್‌ಗೆ ಇನ್ನೊಂದು. ಪ್ರಿಂಟರಿಗೆ ಇಪ್ಪತ್ತೈದು ತೂತುಗಳ ಅಗಲವಾದ ಬಾಯಿ, ಮೋಡೆಮ್‌ಗೆ ಒಂಬತ್ತು ಕಡ್ಡಿಗಳ ಸಣ್ಣದು. ಒಂದರದ್ದು ಇನ್ನೊಂದಕ್ಕೆ ಕೂಡದು. ಕೂಡಿಸಿದ ಮೇಲೆ ಎರಡು ಕಡೆಯೂ ತಿರುಪು ಬಿಗಿಯಬೇಕು, ಯಂತ್ರವನ್ನು ಆರಿಸಿ ಮತ್ತೆ ಹೊತ್ತಿಸಬೇಕು, ಅಷ್ಟಾದ ಮೇಲೂ ಪ್ರಿಂಟರ್ ಮುನಿಸಿಕೊಂಡು ಕೂರಬಹುದು.

ಈ ಪಾಳೆಯಗಾರಿಕೆಯನ್ನು ಕೊನೆಗಾಣಿಸಲು ಇಂಟೆಲ್, ಮೈಕ್ರೋಸಾಫ್ಟ್, ಐಬಿಎಂ, ಕಾಂಪ್ಯಾಕ್, ಡಿಇಸಿ, ಎನ್‌ಇಸಿ, ನಾರ್ಟೆಲ್ ಎಂಬ ಏಳು ಕಂಪನಿಗಳು ಒಂದಾದವು. ೧೯೯೬ರ ಜನವರಿಯಲ್ಲಿ ಯುಎಸ್‌ಬಿ ಎಂಬ ಹೊಸ ಕಟ್ಟಳೆ ಹೊರಬಂತು. ಇಂಟೆಲ್‌ನಲ್ಲಿ ಆ ಕೆಲಸದ ಮುಂದಾಳಾಗಿದ್ದವರು ಬರೋಡದಲ್ಲಿ ಓದಿದ ಅಜಯ್ ಭಟ್. ಎಲ್ಲ ಸಾಧನಗಳಿಗೂ ಒಂದೇ ಬಗೆಯ ಬಾಗಿಲು. ವಿದ್ಯುತ್ತೂ ಮಾತೂ ಒಂದೇ ತಂತಿಯಲ್ಲಿ. ಹೊಸ ಬಾಗಿಲು ಮೊದಮೊದಲು ಕಿರುಗುಟ್ಟದೆ ಇರಲಿಲ್ಲ. ೧೯೯೮ರ ಏಪ್ರಿಲ್‌ನಲ್ಲಿ ಷಿಕಾಗೋದ ಕಾಮ್‌ಡೆಕ್ಸ್ ಮೇಳದಲ್ಲಿ, ಬಿಲ್ ಗೇಟ್ಸ್ ವೇದಿಕೆಯ ಮೇಲೆ ನಿಂತಿದ್ದಾಗಲೇ, ಸ್ಕ್ಯಾನರಿನ ತಂತಿ ಚುಚ್ಚಿದೊಡನೆ ವಿಂಡೋಸ್ ೯೮ರ ಪರದೆ ನೀಲಿಗಟ್ಟಿ ನಿಂತುಬಿಟ್ಟಿತು. ಸಭೆ ಹೊಟ್ಟೆ ತುಂಬ ನಕ್ಕಿತು. ನೆಂಟನನ್ನು ಒಳಗೆ ಕರೆದುಕೊಳ್ಳುವುದು ಅಷ್ಟು ಸುಲಭದ ಕೆಲಸವಲ್ಲ.

ಬಾಗಿಲು ಒಂದೇ ಆದಾಗ ಬರುವ ತೊಂದರೆಯೂ ಒಂದೇ: ಬರುವವರು ಹೆಚ್ಚು. ಅದಕ್ಕಾಗಿಯೇ ಹುಟ್ಟಿದ್ದು ಹಬ್. ಮೇಲಕ್ಕೆ ಒಂದು ತಂತಿ, ಕೆಳಕ್ಕೆ ನಾಲ್ಕು ಬಾಯಿ. ಕನ್ನಡಿಗರ ಕಿವಿಗೆ ಆ ಹೆಸರು ಹೊಸದಾಗಿ ಕೇಳಬೇಕಿಲ್ಲ. ಬಳ್ಳಿ ಚಪ್ಪರಕ್ಕೆ ಹಬ್ಬುವ ಹಾಗೆ ಒಂದರ ತುದಿಗೆ ಇನ್ನೊಂದನ್ನು ಕೂಡಿಸುತ್ತ ಐದು ಹಬ್‌ಗಳವರೆಗೆ ಹಬ್ಬಿಸಬಹುದು. ಒಟ್ಟು ಕುಟುಂಬ ಮಾತ್ರ ೧೨೭ ತಲೆ ಮೀರಬಾರದು, ಆ ಲೆಕ್ಕದಲ್ಲಿ ಹಬ್‌ಗಳೂ ಸೇರಿವೆ. ಅಂಗಡಿಯಲ್ಲಿ ಮುನ್ನೂರು ನಾನೂರು ರೂಪಾಯಿಗೆ ಸಿಗುವ ಈ ವಸ್ತುವನ್ನು ಯಾರೂ ಎರಡನೆಯ ಸಲ ತಿರುಗಿ ನೋಡುವುದಿಲ್ಲ. ಮಾಡುವವರು ಮಾತ್ರ ನೋಡಬೇಕಾಗುತ್ತದೆ.

ಹಾಗೆ ನೋಡಬೇಕಾಗಿ ಬಂದವಳು, ಬೆಂಗಳೂರಿನ ಪೀಣ್ಯದ ಸಣ್ಣ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬದ ಒಬ್ಬ ಎಂಜಿನಿಯರ್ ಹುಡುಗಿ. ಕಾರ್ಖಾನೆ ನ್ಯಾಯಬೆಲೆ ಅಂಗಡಿಗಳಿಗಾಗಿ ಒಂದು ಯಂತ್ರ ಮಾಡಲು ಹೊರಟಿತ್ತು. ಹೆಬ್ಬೆರಳು ಒತ್ತಿದರೆ ಗುರುತು ಹಿಡಿಯುವ ರೀಡರ್, ಅಕ್ಕಿ ತೂಗುವ ತಕ್ಕಡಿ, ಅಂಕಿ ಒತ್ತುವ ಗುಂಡಿಗಳ ಫಲಕ, ಊರಾಚೆಯ ಕಂಪ್ಯೂಟರಿನೊಡನೆ ಮಾತಾಡಲು ಮೊಬೈಲ್ ಮೋಡೆಮ್. ಬೇಕಾದ ಸಾಧನಗಳು ನಾಲ್ಕು. ಯಂತ್ರದ ಮಿದುಳಾಗಿದ್ದ ಪುಟ್ಟ ಕಂಪ್ಯೂಟರಿಗೆ ಇದ್ದ ಯುಎಸ್‌ಬಿ ಬಾಯಿ ಒಂದು. ನಡುವೆ ಹಬ್ ಬೇಕು, ಅದನ್ನು ಆಕೆ ನೋಡಿಕೊಳ್ಳಲಿ ಎಂದಿತ್ತು.

ಚಿಪ್‌ನ ಹೆಸರು ಯುಎಸ್‌ಬಿ೨೫೧೪ಬಿ. ಎಸ್‌ಎಂಎಸ್‌ಸಿ ಎಂಬ ಅಮೆರಿಕದ ಕಂಪನಿ ರೂಪಿಸಿದ್ದು. ೨೦೧೨ರಲ್ಲಿ ಆ ಕಂಪನಿಯನ್ನೇ ಮೈಕ್ರೋಚಿಪ್ ಕೊಂಡುಕೊಂಡಿತು. ಆರು ಮಿಲಿಮೀಟರ್ ಉದ್ದ, ಅಷ್ಟೇ ಅಗಲ, ಮೂವತ್ತಾರು ಕಾಲು. ಉಗುರಿನ ಮೇಲೆ ಕೂರಿಸಿದರೆ ಉಗುರೇ ದೊಡ್ಡದು. ಇಂಥದ್ದನ್ನು ಕೈಯಲ್ಲಿ ಹಿಡಿದು ಪರೀಕ್ಷಿಸುವುದು ಹೇಗೆ? ಅದಕ್ಕೆಂದೇ ಚಿಪ್ ತಯಾರಕರು ಇವ್ಯಾಲ್ಯುಯೇಷನ್ ಬೋರ್ಡ್ ಎಂಬುದನ್ನು ಮಾರುತ್ತಾರೆ. ಅಂಗೈ ಅಗಲದ ಹಲಗೆ. ನಡುವೆ ಚಿಪ್ಪು, ಅದರ ಎದೆಬಡಿತದಂಥ ೨೪ ಮೆಗಾಹರ್ಟ್ಸ್ ಸ್ಫಟಿಕ, ಸುತ್ತ ಬಾಯಿಗಳು, ದೀಪಗಳು, ಅಡಾಪ್ಟರ್ ಚುಚ್ಚಲು ಒಂದು ತೂತು, ಮತ್ತೆ ಜಂಪರ್‌ಗಳು. ಎರಡು ಕಡ್ಡಿಗಳ ಮೇಲೆ ಟೋಪಿಯಂತೆ ಕೂರುವ ಈ ಜಂಪರನ್ನು ಇತ್ತ ಹಾಕಿದರೆ ಒಂದು ಅರ್ಥ, ಅತ್ತ ಹಾಕಿದರೆ ಇನ್ನೊಂದು. ಮದುವೆಗೆ ಮೊದಲು ಜಾತಕ ನೋಡುವ ಹಾಗೆ, ಸ್ವಂತ ಹಲಗೆ ಮಾಡಿಸುವ ಮೊದಲು ಇದರ ಮೇಲೆ ಎಲ್ಲವನ್ನೂ ಕೂಡಿಸಿ ಕಳೆದು ನೋಡಬೇಕು.

ಮೊದಲ ದಿನ ಎಲ್ಲವೂ ಸುಸೂತ್ರ. ಬೋರ್ಡಿನ ಮೇಲ್ಬಾಯಿಯನ್ನು ಕಂಪ್ಯೂಟರಿಗೆ ಚುಚ್ಚಿದಳು, ಹಸಿರು ದೀಪ ಹೊತ್ತಿತು. ಒಂದೊಂದೇ ಸಾಧನವನ್ನು ಕೆಳಬಾಯಿಗಳಿಗೆ ಕೂಡಿಸಿದಳು. ಆಗ ಒಳಗೆ ನಡೆಯುವ ವ್ಯವಹಾರ ಸೊಗಸಾದದ್ದು. ಬಂದ ಸಾಧನ ತನ್ನೊಳಗಿನ ಒಂದೂವರೆ ಕಿಲೋ ಓಮ್ ರೋಧಕದಿಂದ ಎರಡು ಸಂಕೇತ ತಂತಿಗಳಲ್ಲಿ ಒಂದನ್ನು ಮೇಲೆತ್ತುತ್ತದೆ; ಅದೇ ಬಾಗಿಲು ಬಡಿದ ಸದ್ದು. ಹಬ್ ಆ ಸುದ್ದಿಯನ್ನು ಮೇಲಕ್ಕೆ ಮುಟ್ಟಿಸುತ್ತದೆ. ಕಂಪ್ಯೂಟರ್ ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗ ಕಾಯುತ್ತದೆ, ಚುಚ್ಚುವ ಕೈಯ ನಡುಕ ನಿಲ್ಲಲಿ ಎಂದು. ಬಂದವನಿಗೆ ಇನ್ನೂ ವಿಳಾಸವಿಲ್ಲ, ಅವನ ಮನೆ ನಂಬರು ಸೊನ್ನೆ. ಒಂದು ಸಲಕ್ಕೆ ಒಬ್ಬನೇ ಸೊನ್ನೆಯಲ್ಲಿ ನಿಲ್ಲಬಹುದು. ‘ಯಾರು ನೀನು? ಎಷ್ಟು ಉಣ್ಣುತ್ತೀಯೆ?’ ಎಂದು ವಿಚಾರಿಸಿಕೊಂಡು ಅವನಿಗೊಂದು ನಂಬರು ಕೊಟ್ಟು ಕೂರಿಸಿದ ಮೇಲೆಯೇ ಮುಂದಿನವನ ಸರದಿ. ಬಸ್ಸಿನ ಬಾಗಿಲಲ್ಲಿ ನೂಕಾಡುವ ಜನ ಇದನ್ನು ನೋಡಿ ಕಲಿಯಬಹುದು.

ಎರಡನೆಯ ದಿನ ಚಿಪ್ಪಿಗೆ ಜಾತಕ ಬರೆಯುವ ಕೆಲಸ. ಈ ಹಬ್ ತನ್ನ ವಿವರಗಳನ್ನು ಪಕ್ಕದ ಪುಟ್ಟ ಇಇಪ್ರಾಮ್ ಸ್ಮೃತಿಯಿಂದ ಓದಿಕೊಳ್ಳಬಲ್ಲದು. ಅದರಲ್ಲಿ ೨೫೬ ಬೈಟ್‌ಗಳು. ಮೊದಲೆರಡು ಬೈಟ್ ಕುಲದ ಹೆಸರು, ಅಂದರೆ ತಯಾರಕರ ಸಂಖ್ಯೆ. ಮುಂದಿನೆರಡು ಚಿಪ್ಪಿನ ಸ್ವಂತ ಹೆಸರು. ಈ ಚಿಪ್ಪಿಗೆ ಹುಟ್ಟಿನಿಂದ ಬಂದ ಹೆಸರು ೦೪೨೪, ೨೫೧೪. ಆದರೆ ಬರೆಯುವಾಗ ಬಾಲದಿಂದ ಬರೆಯಬೇಕು, ಮೊದಲು ೨೪, ಆಮೇಲೆ ೦೪. ನೇರವಾಗಿ ಬರೆದರೆ ಕಂಪ್ಯೂಟರ್ ೨೪೦೪ ಎಂಬ ಬೇರೆಯದೇ ಮನೆತನದ ಹೆಸರು ಕೂಗುತ್ತದೆ. ವಿದ್ಯುತ್ತಿನ ಲೆಕ್ಕವೂ ಹಾಗೆಯೇ. ಎರಡೆರಡು ಮಿಲಿಆಂಪಿಯರಿಗೆ ಒಂದು ಎಣಿಕೆ. ನೂರು ಬೇಕಾದವನು ಐವತ್ತು ಎಂದು ಬರೆಯಬೇಕು. ಇವೆಲ್ಲ ಒಂದು ಸಲ ಎಡವಿದರೆ ಕಲಿಯುವ ಸಂಗತಿಗಳು, ಎಡವುವುದಕ್ಕೆಂದೇ ಬೋರ್ಡು ಇರುವುದು. ಇಇಪ್ರಾಮ್ ಅಳಿಸಿ ಬರೆಯಬಹುದಾದ ಸ್ಲೇಟು.

ಆ ಸ್ಲೇಟಿನಲ್ಲಿ ಒಂದು ಬಿಟ್ ಇದೆ. ಸೊನ್ನೆಯಿಂದ ಎಣಿಸಿದರೆ ಆರನೆಯ ಬೈಟಿನ ಮೇಲ್ತುದಿಯಲ್ಲಿ. ಅದು ಒಂದಾಗಿದ್ದರೆ ಹಬ್, ‘ನನಗೆ ಸ್ವಂತ ವಿದ್ಯುತ್ ಇದೆ, ನನ್ನ ಮನೆಯ ಒಬ್ಬೊಬ್ಬರಿಗೂ ಐನೂರು ಮಿಲಿಆಂಪಿಯರ್ ಬಡಿಸಬಲ್ಲೆ’ ಎನ್ನುತ್ತದೆ. ಸೊನ್ನೆಯಾಗಿದ್ದರೆ, ‘ಮೇಲಿನಿಂದ ಬಂದದ್ದೇ ನನ್ನ ಅನ್ನ’ ಎನ್ನುತ್ತದೆ. ಮೇಲಿನಿಂದ ಬರುವುದು ಐನೂರು. ಅದರಲ್ಲಿ ನೂರು ಹಬ್‌ನ ಖರ್ಚಿಗೆ, ಉಳಿದ ನಾನೂರರಲ್ಲಿ ನಾಲ್ವರಿಗೆ ನೂರು ನೂರು. ಒಲೆ ಒಂದು, ಎಲೆ ನಾಲ್ಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತನ್ನು ಅಂಕಿಯಲ್ಲಿ ಬರೆದರೆ ಹೀಗಿರುತ್ತದೆ.

ಬೋರ್ಡಿನಲ್ಲಿ ಆ ಬಿಟ್ ಒಂದಾಗಿತ್ತು. ಅಡಾಪ್ಟರ್ ಚುಚ್ಚಿಕೊಂಡು ಪರೀಕ್ಷಿಸಿದಾಗ ಅದು ನಿಜವೂ ಆಗಿತ್ತು. ಆದರೆ ಯಂತ್ರದ ಖರ್ಚು ಇಳಿಸಬೇಕೆಂದು ಮಾತಾದಾಗ, ಹಬ್‌ಗೆ ಬೇರೆ ವಿದ್ಯುತ್ ಯಾಕೆ ಎಂಬ ಪ್ರಶ್ನೆ ಎದ್ದಿತು. ಅಡಾಪ್ಟರನ್ನು ಕಿತ್ತು ನೋಡಿದರು. ಎಲ್ಲವೂ ನಡೆಯಿತು. ಮರುದಿನವೂ ನಡೆಯಿತು. ಬೆರಳು ಓದಿತು, ತಕ್ಕಡಿ ತೂಗಿತು, ಮೋಡೆಮ್ ಮಾತಾಡಿತು. ಹಬ್ ಮಾತ್ರ ಸ್ವಂತ ವಿದ್ಯುತ್ ಇದೆ ಎಂದು ಹೇಳುತ್ತಲೇ ಇತ್ತು, ಕಂಪ್ಯೂಟರ್ ನಂಬುತ್ತಲೇ ಇತ್ತು. ನಂಬದೆ ಅದಕ್ಕೆ ಬೇರೆ ದಾರಿಯಿಲ್ಲ. ಯಾರಿಗೆ ಎಷ್ಟು ಎಂದು ಹಂಚುವಾಗ ಕಂಪ್ಯೂಟರ್ ಅಳೆದು ನೋಡುವುದಿಲ್ಲ, ಹೇಳಿದ್ದನ್ನು ಕೇಳಿಕೊಳ್ಳುತ್ತದೆ. ಇಡೀ ವ್ಯವಸ್ಥೆ ನಿಂತಿರುವುದು ಪ್ರತಿಯೊಬ್ಬನೂ ತನ್ನ ಬಗ್ಗೆ ನಿಜ ಹೇಳುತ್ತಾನೆ ಎಂಬ ಒಂದೇ ನಂಬಿಕೆಯ ಮೇಲೆ.

ಅನುಮಾನದ ಮಾತು ಬಂದದ್ದು ಬೆಸುಗೆ ಹಾಕುವ ಹಿರಿಯ ಕೆಲಸಗಾರನಿಂದ. ಊಟದ ಹೊತ್ತಿನಲ್ಲಿ ಮೋಡೆಮನ್ನು ನೋಡಿ ಆತ, ‘ಇಲ್ಲಿ ಸರಿ, ಕಿಟಕಿ ಆಚೆಗೇ ಟವರ್ ಇದೆ. ನಮ್ಮೂರಲ್ಲಿ ಸಿಗ್ನಲ್ ಬೇಕಾದರೆ ಗುಡ್ಡ ಹತ್ತಬೇಕು’ ಎಂದ. ಮಾತು ಅಷ್ಟೇ. ಹುಡುಗಿಯ ಕೈಯ ತುತ್ತು ಅಲ್ಲೇ ನಿಂತಿತು. ಟವರ್ ಹತ್ತಿರವಿದ್ದರೆ ಮೋಡೆಮ್ ಪಿಸುಮಾತಿನಲ್ಲಿ ಕೆಲಸ ಮುಗಿಸುತ್ತದೆ. ದೂರವಿದ್ದರೆ ಕೂಗಬೇಕು, ಕೂಗಿದಷ್ಟೂ ಹಸಿವು ಹೆಚ್ಚು.

ಆಕೆ ತನ್ನ ಸ್ಟೀಲ್ ಡಬ್ಬಿಯನ್ನು ತೊಳೆದು ಒರೆಸಿ ಮೋಡೆಮನ್ನು ಅದರೊಳಗಿಟ್ಟಳು. ತಂತಿ ಹೊರಬರುವಷ್ಟು ಸಂದು ಬಿಟ್ಟು ಮುಚ್ಚಳ ಮುಚ್ಚಿದಳು. ಮೇಲಿನ ತಂತಿಗೆ ಆಂಪಿಯರ್ ಮಾಪಕ ಕೂಡಿಸಿದಳು. ಸಿಗ್ನಲ್ ಸಿಗದೆ ಮೋಡೆಮ್ ತಡಕಾಡತೊಡಗಿತು, ಮುಳ್ಳು ಮೇಲೇರಿತು. ಐನೂರು ದಾಟಿದಾಗ ಐದು ವೋಲ್ಟ್ ಕುಗ್ಗಿತು, ಬೆರಳಚ್ಚು ರೀಡರಿನ ಕೆಂಪು ಬೆಳಕು ಪಕ್ಕನೆ ಆರಿತು. ಕೆಲವು ಕ್ಷಣದ ಮೇಲೆ ಮತ್ತೆ ಹೊತ್ತಿತು. ರೀಡರ್ ಹೊಸ ನೆಂಟನಂತೆ ಮತ್ತೆ ಸೊನ್ನೆಯಿಂದ ಪರಿಚಯ ಹೇಳಿಕೊಳ್ಳುತ್ತಿತ್ತು.

‘ತಾನಾಗಿಯೇ ಮತ್ತೆ ಬರುತ್ತಲ್ಲ, ಬಿಡು’ ಎಂದವರಿದ್ದರು. ಮೇಜಿನ ಮುಂದೆ ಕುಳಿತವರಿಗೆ ಅದು ಒಪ್ಪುವ ಮಾತೇ. ಆದರೆ ಸಾಲಿನಲ್ಲಿ ನಿಂತವರ ಬೆರಳನ್ನು ನೆನೆಯಬೇಕು. ಕಳೆ ಕಿತ್ತು, ಕಲ್ಲು ಹೊತ್ತು, ಪಾತ್ರೆ ಉಜ್ಜಿ ಸವೆದ ಬೆರಳಿನ ಗೆರೆಗಳನ್ನು ರೀಡರ್ ಒಂದೇ ಸಲಕ್ಕೆ ಓದುವುದಿಲ್ಲ. ಎರಡು ಸಲ, ಮೂರು ಸಲ, ಸೆರಗಿಗೆ ಒರೆಸಿಕೊಂಡು ಮತ್ತೊಂದು ಸಲ. ಆ ನಾಲ್ಕನೆಯ ಸಲ ಕೆಂಪು ಬೆಳಕು ಆರಿದರೆ ಅಂಗಡಿಯವನು ಏನು ಹೇಳುತ್ತಾನೆ? ಹಬ್ ತನ್ನ ಶಕ್ತಿಯ ಬಗ್ಗೆ ಸುಳ್ಳು ಹೇಳಿತು ಎಂದಲ್ಲ. ‘ಅಜ್ಜಿ, ನಿನ್ನ ಬೆರಳು ಸರಿಯಿಲ್ಲ, ನಾಳೆ ಬಾ’ ಎನ್ನುತ್ತಾನೆ. ಪೀಣ್ಯದ ಮೇಜಿನ ಮೇಲಿನ ಒಂದು ಬಿಟ್ಟಿನ ಸುಳ್ಳು, ನೂರಾರು ಮೈಲಿ ಆಚೆ ಒಬ್ಬ ಮುದುಕಿಯ ಬೆರಳಿನ ದೋಷವಾಗಿ ಹೊರಬೀಳುತ್ತದೆ.

ಅಂದು ಸಂಜೆ ಆಕೆ ಆ ಬಿಟ್ಟನ್ನು ಸೊನ್ನೆ ಮಾಡಿದಳು. ಫಲ ಕೂಡಲೇ ಕಂಡಿತು. ಕಂಪ್ಯೂಟರ್ ತಕ್ಕಡಿಯನ್ನೂ ಗುಂಡಿಗಳ ಫಲಕವನ್ನೂ ಒಳಗೆ ಬಿಟ್ಟುಕೊಂಡಿತು. ಮುನ್ನೂರು ಕೇಳಿದ ರೀಡರನ್ನೂ ಐನೂರು ಕೇಳಿದ ಮೋಡೆಮನ್ನೂ ವಿದ್ಯುತ್ ಸಾಲದು ಎಂಬ ಸಂದೇಶ ಬರೆದು ಬಾಗಿಲಲ್ಲೇ ನಿಲ್ಲಿಸಿತು. ನಿನ್ನೆಯವರೆಗೆ ನಡೆಯುತ್ತಿದ್ದ ಯಂತ್ರವನ್ನು ಹುಡುಗಿ ಕೆಡಿಸಿಬಿಟ್ಟಳು ಎಂದು ನೋಡಿದವರಿಗೆ ಅನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಕೆಟ್ಟಿರಲಿಲ್ಲ, ಮೊದಲ ಬಾರಿಗೆ ಯಂತ್ರ ತನ್ನ ಬಡತನವನ್ನು ಒಪ್ಪಿಕೊಂಡಿತ್ತು.

ಒಪ್ಪಿಕೊಂಡ ಮೇಲೆ ದಾರಿ ಸುಲಭ, ಖರ್ಚಿನದು. ಎಸ್‌.ಪಿ. ರೋಡಿನಿಂದ ಐದು ವೋಲ್ಟ್, ಎರಡೂವರೆ ಆಂಪಿಯರ್ ಕೊಡುವ ಅಡಾಪ್ಟರ್ ಬಂತು. ಒಂದೊಂದು ಬಾಯಿಗೂ ಬೇರೆ ಬೇರೆ ಕಾವಲು ಇಡಬೇಕು, ಒಬ್ಬ ಅತಿಯಾಗಿ ಉಂಡರೆ ಅವನ ಎಲೆಯನ್ನಷ್ಟೇ ಎತ್ತಬೇಕು, ಉಳಿದವರ ಊಟ ನಿಲ್ಲಬಾರದು ಎಂದು ಆಕೆ ಬರೆದುಕೊಟ್ಟಳು. ಏಳನೆಯ ಬೈಟಿನಲ್ಲಿ ಇನ್ನೊಂದು ಬಿಟ್ ಏರಿಸಿದಳು. ಅದಿದ್ದರೆ ಅಡಾಪ್ಟರ್ ಇದೆಯೋ ಇಲ್ಲವೋ ಎಂಬುದನ್ನು ಹಬ್ ತಾನೇ ನೋಡಿಕೊಂಡು, ಇದ್ದಾಗ ಇದೆ ಎನ್ನುತ್ತದೆ, ಇಲ್ಲದಾಗ ಇಲ್ಲ ಎನ್ನುತ್ತದೆ. ಡಬ್ಬಿಯೊಳಗೆ ಮೋಡೆಮ್ ಎಷ್ಟು ಕೂಗಾಡಿದರೂ ರೀಡರಿನ ಕೆಂಪು ಬೆಳಕು ಅಲುಗಲಿಲ್ಲ. ಸ್ವಂತ ಹಲಗೆಯ ನಕ್ಷೆಯನ್ನು ತಿದ್ದಬೇಕಾಯಿತು, ಯಂತ್ರದ ಬೆಲೆ ಏರಿತು, ಕೆಲಸ ಒಂದು ವಾರ ಹಿಂದೆ ಬಿತ್ತು. ಯಜಮಾನರು ಮುಖ ಗಂಟಿಕ್ಕಿಕೊಂಡೇ ಸಹಿ ಹಾಕಿದರು.

ಉಳಿದದ್ದು ಹೆಸರಿಡುವ ಶಾಸ್ತ್ರ. ಹಬ್ ತನ್ನ ಹೆಸರನ್ನು ಮೂವತ್ತೊಂದು ಸ್ಥಾನಗಳವರೆಗೆ ಯಾವ ಭಾಷೆಯಲ್ಲಾದರೂ ಹೇಳಬಹುದು. ಯುಎಸ್‌ಬಿಯ ಭಾಷಾ ಪಟ್ಟಿಯಲ್ಲಿ ಕನ್ನಡಕ್ಕೂ ಒಂದು ಸಂಖ್ಯೆಯಿದೆ, ೦೪೪ಬಿ. ಆಕೆ ಅದನ್ನು ತುಂಬಿ, ‘ನ್ಯಾಯಬೆಲೆ ಅಂಗಡಿ’ ಎಂದು ಬರೆದಳು. ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣುವ ‘ನ್ಯಾ’ ನಾಲ್ಕು ಸ್ಥಾನ ತಿಂದಿತು. ಆದರೂ ಎಲ್ಲ ಸೇರಿ ಹದಿನೈದೇ. ನಕ್ಷೆ ನೋಡಲು ಬಂದ ಯಜಮಾನರು ಪರದೆಯ ಮೇಲೆ ಆ ಹೆಸರು ಕಂಡು, ಇದಕ್ಕೆಷ್ಟು ಖರ್ಚು ಎಂದು ಕೇಳಿದರು. ಏನೂ ಇಲ್ಲ ಸಾರ್, ಜಾಗ ಖಾಲಿ ಇತ್ತು ಎಂದಳು ಹುಡುಗಿ. ಆ ವಾರದಲ್ಲಿ ಮೊದಲ ಸಲ ಅವರು ನಕ್ಕರು.