ಹಿಂಜಿದ ಹತ್ತಿ

ಮಗಳ ಮದುವೆಗೆ ಮುನ್ನ ಹೊಸಪೇಟೆಯ ನಮ್ಮ ಮನೆಗೆ ಸೋಫಾ ಬಂತು. ಬೀಗರೆದುರು ಚಾಪೆ ಹಾಸುವುದು ಹೇಗೆಂಬ ಸಂಕೋಚದಿಂದ ಸಾಲ ಮಾಡಿ ತಂದದ್ದು. ಮೂರೇ ವರ್ಷದಲ್ಲಿ ಅದು ನಡುವೆ ಕುಸಿಯಿತು. ಮಂಡಿನೋವಿನ ಅಮ್ಮಿ ಅದರಲ್ಲಿ ಕೂತರೆ ಏಳಿಸಲು ಇಬ್ಬರು ಬೇಕು. ಕ್ರಮೇಣ ನೆಂಟರು ಬಂದಾಗ ಅವರು ಹೊರಗೆ ಬರುವುದನ್ನೇ ಬಿಟ್ಟರು. ಅಂಗಡಿಯವರು "ರಿಪೇರಿ ಆಗಲ್ಲ, ಹೊಸದು ತಗೊಳ್ಳಿ" ಎಂದರು. ಬಿಚ್ಚಿ ನೋಡಿದರೆ ಒಳಗಿದ್ದದ್ದು ತೆಳು ಫೋಮು, ಪೊಳ್ಳು ಹಲಗೆ.

ಕಂಪ್ಲಿಯ ನಮ್ಮ ಬಂಧುಗಳ ಮನೆಯಲ್ಲಿ ಅಜ್ಜನ ಕಾಲದ ಹತ್ತಿಯ ಗಾದಿ ಇನ್ನೂ ಬಳಕೆಯಲ್ಲಿದೆ. ಅದನ್ನು ಹಿಂಜಿಕೊಡುವ ಪಿಂಜಾರ ಚಾಚಾರನ್ನೇ ಕರೆಸಿದೆವು. "ಹತ್ತಿ ಕೆಡಂಗಿಲ್ಲಪ್ಪಾ, ಗಂಟು ಕಟ್ಟತದ ಅಷ್ಟ. ಹಿಂಜಿದ್ರ ಮತ್ತ ಹೊಸಾದು" ಎಂದರು ಚಾಚಾ. ಬಿಲ್ಲಿನ ಹುರಿಯನ್ನು ಹತ್ತಿಗೆ ತಾಗಿಸಿ ಮೀಟಿದರೆ, ಅದರ ಕಂಪನಕ್ಕೆ ಗಂಟು ಬಿಚ್ಚಿ, ಧೂಳು ಉದುರಿ, ಎಳೆಗಳ ನಡುವೆ ಗಾಳಿ ತುಂಬುತ್ತದೆ. ಮೆತ್ತನೆಯ ಗುಟ್ಟು ಆ ಗಾಳಿಯೇ. ಈಗ ಬಿಲ್ಲಿನ ಜಾಗಕ್ಕೆ ಯಂತ್ರ ಬಂದಿದೆ. ಚಾಚಾರ ಮಕ್ಕಳಾರೂ ಈ ಕಸುಬಿನಲ್ಲಿಲ್ಲ.

ಬಡಗಿಯನ್ನೂ ಕೂರಿಸಿಕೊಂಡು ಲೆಕ್ಕ ಹಾಕಿದೆವು. ಎರಡು ಅಡಿ ಅಗಲ, ಎರಡೂವರೆ ಅಡಿ ಆಳದ ಐದು ಬಿಡಿ ಪೀಠಗಳು. ಗಟ್ಟಿ ಬೇವಿನ ಚೌಕಟ್ಟು, ಅದಕ್ಕೆ ಸಡಿಲವಾದರೆ ಬಿಗಿಯಬಹುದಾದ ನವಾರ ಪಟ್ಟಿ, ಮೇಲೆ ಗಾದಿ, ಬೆನ್ನಿಗೆ ಲೋಡು. ಎತ್ತರವನ್ನು ಅಮ್ಮಿಯ ಮಂಡಿಗೆ ಅಳೆದೆವು. ಗಾದಿ ಸೇರಿ ಹದಿನೆಂಟು ಇಂಚು. ಮೂರನ್ನು ಜೋಡಿಸಿದರೆ ನೆಂಟರಿಗೆ ಆರಡಿಯ ಹಾಸಿಗೆ. ಒಂದು ಕೆಟ್ಟರೆ ಅದೊಂದನ್ನೇ ಸರಿಪಡಿಸಬಹುದು. ಹತ್ತಿ ಫೋಮಿನಂತೆ ಒಳಗೆಳೆದುಕೊಳ್ಳುವುದಿಲ್ಲ. ಆದರೆ ಆಗಾಗ ಬಿಸಿಲಿಗೆ ಹಾಕಬೇಕು, ಕೆಲ ವರ್ಷಕ್ಕೊಮ್ಮೆ ಹಿಂಜಿಸಬೇಕು. ತೆಗೆದು ಒಗೆಯುವಂತಹ ಹೊದಿಕೆಗೆ ಸಂಡೂರಿನ ಲಂಬಾಣಿ ಕಸೂತಿ ತಂದೆವು. 2023ರ ಜುಲೈನಲ್ಲಿ ಹಂಪಿಯ ಜಿ20 ಸಭೆಯ ವೇಳೆ ಈ ಕಸೂತಿಯ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತ್ತು.

ಕೆಲಸ ಮುಗಿದ ದಿನ ಚಾಚಾ ಎಂದಿನಂತೆ ಹೊಸ್ತಿಲ ಬಳಿ ನೆಲಕ್ಕೆ ಕೂತರು. ಚಹಾ ಕೊಡಲು ಹೋದ ಅಮ್ಮಿ ಅಲ್ಲೇ ನಿಂತರು. ಆಗ ನಮಗೆ ಹೊಳೆಯಿತು: ಇಷ್ಟು ವರ್ಷ ಗಾದಿ ಮಾಡಿಕೊಟ್ಟವರನ್ನು ನಮ್ಮ ಮನೆಯಲ್ಲಿ ಒಮ್ಮೆಯೂ ಗಾದಿಯ ಮೇಲೆ ಕೂರಿಸಿರಲಿಲ್ಲ. ಬಾಗ್ದಾದಿನಲ್ಲಿ 922ರಲ್ಲಿ ಮರಣದಂಡನೆಗೆ ಗುರಿಯಾದ ಸೂಫಿ ಮನ್ಸೂರ್ ಹಲ್ಲಾಜರ ಹೆಸರನ್ನು ಭಕ್ತಿಯಿಂದ ನೆನೆಯುತ್ತೇವೆ. ಹಲ್ಲಾಜ್ ಎಂದರೆ ಅರಬಿಯಲ್ಲಿ ಹತ್ತಿ ಹಿಂಜುವವನೆಂದೇ ಅರ್ಥ. ನಮಾಜಿಗೆ ಒಂದೇ ಸಾಲಿನಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಿಲ್ಲುತ್ತೇವೆ. ಆದರೂ ಸಂಬಂಧದ ಮಾತು ಬಂದಾಗ 'ಅವರು ಪಿಂಜಾರರಲ್ಲವೇ' ಎಂಬ ಪಿಸುಮಾತು ನಮ್ಮ ಮನೆಯಲ್ಲೂ ಕೇಳಿದ್ದುಂಟು.

ಹಂಪಿಯಲ್ಲಿ ಎರಡನೇ ದೇವರಾಯನ ಅಧಿಕಾರಿ ಅಹಮದ್ ಖಾನ್ 1439ರಲ್ಲಿ ಕಟ್ಟಿಸಿದ ಮಸೀದಿಯನ್ನು ಅಲ್ಲಿನ ಶಾಸನ ಧರ್ಮಶಾಲೆ ಎನ್ನುತ್ತದೆ. ದಣಿದು ಬಂದವರಿಗೆ ಕೂರಲು ಜಾಗ ಕೊಡುವುದು ಧರ್ಮವೆಂದು ತಿಳಿದವರ ನಾಡು ಇದು.

"ಒಳಗೆ ಬನ್ನಿ ಭಾಯಿ, ಮೊದಲು ನೀವು ಕೂಡ್ರಿ" ಎಂದರು ಅಮ್ಮಿ. ಚಾಚಾ ಹಿಂಜರಿದರು, ಕೈಯ ಹತ್ತಿ ಕೊಡವಿಕೊಂಡರು, ಪೀಠದ ತುದಿಯಲ್ಲಿ ಕೂತರು. ಪಕ್ಕದ ಪೀಠದಲ್ಲಿ ಅಮ್ಮಿ ಕೂತರು. ಚಹಾ ಮುಗಿದ ಮೇಲೆ ಯಾರ ಕೈಯನ್ನೂ ಹಿಡಿಯದೆ ಎದ್ದರು.