ಹುಳುಕಡ್ಡಿಗೆ ಅಂಚಿದ್ದ ಕಾಲ

ತಿಪಟೂರಿನಲ್ಲಿ ನಾನು ಕಾಂಪೌಂಡರ್ ಆಗಿ ಸೇರಿದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಕೊಬ್ಬರಿ ಮಂಡಿಯ ಹಮಾಲರು, ಸುತ್ತಲ ಹಳ್ಳಿಗಳ ರೈತರು, ಹಾಸ್ಟೆಲ್ ಹುಡುಗರು ನಮ್ಮ ಶಾಪಿಗೆ ಬರುತ್ತಿದ್ದವರಲ್ಲಿ ಬಹುಪಾಲು. ಡಾಕ್ಟರು ಬರೀ ಎಂಬಿಬಿಎಸ್, ಚರ್ಮದ ಸ್ಪೆಷಲಿಸ್ಟ್ ಏನಲ್ಲ. ಆದರೂ ಚರ್ಮದ ಕಾಯಿಲೆ ಅಂದರೆ ಅವರಿಗೊಂದು ಹುಚ್ಚು. ನವೆ ಅಂತ ಬಂದವರನ್ನು ಅಂಗಿ ಬಿಚ್ಚಿಸಿ ಬಾಗಿಲ ಬೆಳಕಿಗೆ ನಿಲ್ಲಿಸುತ್ತಿದ್ದರು. ಕೇಳುತ್ತಿದ್ದುದು ಎರಡೇ ಪ್ರಶ್ನೆ: ಹಗಲು ಜಾಸ್ತಿಯೋ ರಾತ್ರಿ ಜಾಸ್ತಿಯೋ? ಮನೆಯಲ್ಲಿ ಇನ್ಯಾರಿಗಿದೆ?

ಹೊದ್ದು ಮಲಗಿದ ಮೇಲೆ ಕೆರೆದೂ ಕೆರೆದೂ ನಿದ್ದೆಯಿಲ್ಲ, ತಮ್ಮನಿಗೂ ಇದೆ, ಅಜ್ಜಿಗೂ ಶುರುವಾಗಿದೆ ಅಂದರೆ ಅದು ಕಜ್ಜಿ. ಬೆರಳ ಸಂದು, ಮಣಿಕಟ್ಟು, ಕಂಕುಳು, ಹೊಕ್ಕುಳ ಸುತ್ತ ಗುಳ್ಳೆ. ಒಮ್ಮೆ ಹಾಸ್ಟೆಲ್ ಹುಡುಗನೊಬ್ಬನ ಬೆರಳ ಸಂದಿನಲ್ಲಿದ್ದ ಕೂದಲೆಳೆಯಷ್ಟು ಸಣ್ಣ ಬೂದುಗೆರೆಯ ತುದಿಯನ್ನು ಡಾಕ್ಟರು ಸೂಜಿಯಿಂದ ಕೆದಕಿ ಗಾಜಿನ ಮೇಲಿಟ್ಟರು. ಮೈಕ್ರೋಸ್ಕೋಪಿನಲ್ಲಿ ನಾನೂ ಬಗ್ಗಿ ನೋಡಿದೆ. ಅರ್ಧ ಮಿಲಿಮೀಟರೂ ಇಲ್ಲದ ದುಂಡು ಹುಳ, ಎಂಟು ಮೋಟು ಕಾಲು, ಇನ್ನೂ ಮಿಸುಕಾಡುತ್ತಿತ್ತು. ಹುಡುಗನಿಗೂ ತೋರಿಸಿದರು. ಅವನು ಕೈಯನ್ನು ಲುಂಗಿಗೆ ಒರೆಸಿಕೊಂಡ, ಪಾಪ, ಒರೆಸಿದರೆ ಹೋಗುವ ಹಾಗೆ.

ಆಗ ಕಜ್ಜಿಗೆ ಶೇಕಡ 25ರ ಬೆಂಜೈಲ್ ಬೆಂಜೋಯೇಟ್. ಹಾಲಿನಂಥ ಔಷಧಿ, ಕೆರೆದ ಜಾಗಕ್ಕೆ ತಾಗಿದರೆ ಉರಿಯೋ ಉರಿ. ಈಗಿನ ಶೇಕಡ 5ರ ಪರ್ಮೆಥ್ರಿನ್ ಕ್ರೀಮಿಗೆ ಆ ಉರಿಯಿಲ್ಲ. ಹಚ್ಚುವ ಕ್ರಮ ಮಾತ್ರ ಬದಲಾಗಿಲ್ಲ: ಕುತ್ತಿಗೆಯಿಂದ ಅಂಗಾಲಿನ ತನಕ, ಮನೆಮಂದಿಯೆಲ್ಲ, ಒಂದೇ ರಾತ್ರಿ. ಜನ ಎಡವುತ್ತಿದ್ದುದು ಇಲ್ಲೇ. ಮೊದಲ ಸಲ ಹುಳ ಹತ್ತಿದವರಿಗೆ ನಾಲ್ಕರಿಂದ ಆರು ವಾರ ನವೆಯೇ ಇರುವುದಿಲ್ಲ. ‘ನನಗೇನಾಗಿದೆ’ ಅಂತ ಔಷಧಿ ಬಿಟ್ಟ ಯಜಮಾನನಿಂದಲೇ ಮನೆಗೆಲ್ಲ ಮತ್ತೆ ಹತ್ತುತ್ತಿತ್ತು. ಹುಳ ಸತ್ತ ಮೇಲೂ ಕೆಲವು ವಾರ ನವೆ ಉಳಿಯುತ್ತದೆ. ಅದನ್ನು ಕಂಡು ದಿನಾ ಬಳಿದುಕೊಂಡು ಚರ್ಮ ಸುಟ್ಟುಕೊಂಡವರಿಗೂ ಬರವಿರಲಿಲ್ಲ. ಕಜ್ಜಿಯಿಂದ ಯಾರೂ ಸಾಯುವುದಿಲ್ಲ ಅನ್ನುವ ಮಾತನ್ನು ಡಾಕ್ಟರು ಒಪ್ಪುತ್ತಿರಲಿಲ್ಲ. ಕೀವು ತುಂಬಿದ ಕಜ್ಜಿಯ ಮಗು ಬೆಳಿಗ್ಗೆ ಮುಖ ಊದಿಸಿಕೊಂಡು, ಕೆಂಪಗೆ ಮೂತ್ರ ಮಾಡುತ್ತಾ ಬಂದರೆ ಅದು ಕಿಡ್ನಿಗೆ ತಗುಲಿದ ಪೆಟ್ಟು. ಅಂಥವರನ್ನು ಆ ಹೊತ್ತಿಗೇ ತುಮಕೂರಿಗೆ ಕಳಿಸುತ್ತಿದ್ದರು.

ಹುಳುಕಡ್ಡಿಯನ್ನು ಗುರುತಿಸಲು ಡಾಕ್ಟರೇ ಬೇಕಿರಲಿಲ್ಲ, ನಾನೇ ಸಾಕಿತ್ತು. ತೊಡೆಸಂದಿನಲ್ಲೋ ಸೊಂಟದಲ್ಲೋ ದುಂಡನೆಯ ಮಚ್ಚೆ. ಅಂಚು ಕೆಂಪಗೆ ಉಬ್ಬಿ ಹೊಟ್ಟು ಏಳುತ್ತದೆ, ನಡುವೆ ತಿಳಿಯಾಗುತ್ತಾ ಬರುತ್ತದೆ. ಹಳ್ಳಿಯವರು ಸೀಮೆ ಅಗಸೆ ಸೊಪ್ಪು ತಿಕ್ಕಿಯೇ ಬಂದಿರುತ್ತಿದ್ದರು. ಅನುಮಾನ ಬಂದರೆ ಅಂಚಿನ ಹೊಟ್ಟನ್ನು ಕೆರೆದು, ಪೊಟ್ಯಾಷಿಯಂ ಹೈಡ್ರಾಕ್ಸೈಡ್ ಹನಿ ಹಾಕಿ ನೋಡಿದರೆ ಬೂಷ್ಟಿನ ಎಳೆಗಳು ಕಾಣುತ್ತಿದ್ದವು. ಮುಲಾಮು ಕಲಸುವುದು ನನ್ನ ಕೆಲಸ. ಬೆಂಜೋಯಿಕ್ ಆಸಿಡ್ ಆರು ಭಾಗ, ಸ್ಯಾಲಿಸಿಲಿಕ್ ಆಸಿಡ್ ಮೂರು ಭಾಗ; ಎರಡನ್ನೂ ಗಾಜಿನ ಹಲಗೆಯ ಮೇಲೆ ನುಣ್ಣಗೆ ಅರೆದು, ವ್ಯಾಸಲೀನಿಗೆ ಸೇರಿಸಿ ಸ್ಪ್ಯಾಚುಲಾದಲ್ಲಿ ಮಟ್ಟಸವಾಗಿ ಎಳೆಯಬೇಕು. ಬೆರಳಿಗೆ ತರಿ ತಾಗಿದರೆ ಮತ್ತೆ ಅರೆಯಬೇಕು. ವಿಟ್‌ಫೀಲ್ಡ್ ಮುಲಾಮು ಅಂತ ಅದಕ್ಕೆ ಹೆಸರು. ಅಗ್ಗದ್ದು, ನಿಧಾನದ್ದು. ಆದರೆ ಕಾಯಿಲೆಯ ಗುರುತನ್ನು ಮುಚ್ಚಿಡುತ್ತಿರಲಿಲ್ಲ.

ಇಸುಬಿನ ಕಥೆ ಉದ್ದ. ಮಕ್ಕಳಿಗೆ ಮೊಣಕೈ, ಮಂಡಿಯ ಮಡಿಕೆಗಳಲ್ಲಿ. ಗಾರೆ ಕೆಲಸದವರಿಗೆ ಸಿಮೆಂಟಿನಿಂದ ಅಂಗೈ, ಬೆರಳಿನಲ್ಲಿ. ಆದರೆ ನನ್ನ ಕಣ್ಣಿಗೆ ಕಟ್ಟಿರುವುದು ಪಾರ್ಥೇನಿಯಂ ಇಸುಬು, ನಮ್ಮ ಕಡೆಯ ಕಾಂಗ್ರೆಸ್ ಗಿಡದ್ದು. ಮಳೆ ಬಿದ್ದು ಗಿಡ ಹೂವಾದರೆ ಸಾಕು, ಬೇಸಾಯದವರು ಮುಖ, ಕುತ್ತಿಗೆ ಕಪ್ಪಾಗಿ ದಪ್ಪಗಟ್ಟಿ, ಸುಕ್ಕುಬಿದ್ದು ಬರುತ್ತಿದ್ದರು. ಬಿಸಿಲಿನಿಂದ ಆದದ್ದೇ ಅಂತ ಅವರ ವಾದ. ಡಾಕ್ಟರು ಕಿವಿ ಹಿಂದೆ ಮಡಚಿ ನೋಡುತ್ತಿದ್ದರು, ಕಣ್ಣು ಮುಚ್ಚಿಸಿ ಮೇಲಿನ ರೆಪ್ಪೆ ನೋಡುತ್ತಿದ್ದರು. ಬಿಸಿಲು ಬೀಳದ ಈ ಮರೆಗಳಲ್ಲೂ ಇಸುಬಿದ್ದರೆ ಅದು ಗಾಳಿಯಲ್ಲಿ ಬಂದ ಗಿಡದ ಪುಡಿ. ಆ ಗಿಡ ತಿನ್ನಲು ಮೆಕ್ಸಿಕೋದ ದುಂಬಿಯನ್ನು ತರಿಸಿ 1984ರಲ್ಲಿ ಬೆಂಗಳೂರಿನ ಕಡೆ ಬಿಟ್ಟರು. ದುಂಬಿ ತಿಂದಿತು, ಗಿಡವೂ ಉಳಿಯಿತು.

ಪಿತ್ತದ ಗಂಧೆ ಇವೆಲ್ಲಕ್ಕಿಂತ ಬೇರೆ. ಬೆಳಿಗ್ಗೆ ಬೆನ್ನ ಮೇಲೆ ಎದ್ದದ್ದು ಸಂಜೆಗೆ ಮಾಯ, ರಾತ್ರಿ ತೊಡೆಯ ಮೇಲೆ. ಒಂದು ದದ್ದು ಇಪ್ಪತ್ತನಾಲ್ಕು ಗಂಟೆ ನಿಲ್ಲುವುದು ಅಪರೂಪ. ಇದಕ್ಕೆ ಅವಸರ ಪಡುವವರೇ ಅಲ್ಲ ನಮ್ಮ ಡಾಕ್ಟರು. ಆದರೆ ತುಟಿ, ನಾಲಿಗೆ ಊದಿ ಉಸಿರು ಸಿಕ್ಕಿಕೊಂಡರೆ ಸಾಲು ಮುರಿದು ಮೊದಲು ಒಳಗೆ.

ಇಡೀ ದಿನದಲ್ಲಿ ಅವರ ಮುಖ ಗಂಭೀರವಾಗುತ್ತಿದ್ದುದು ‘ನವೆ ಏನಿಲ್ಲ ಸಾರ್, ಬರೀ ಮಚ್ಚೆ’ ಅಂದಾಗ. ಮಾಸಲು ಮಚ್ಚೆ, ಅದರ ಮೇಲೆ ಬೆವರಿಲ್ಲ, ಕೂದಲು ಉದುರಿದೆ. ಕಣ್ಣು ಮುಚ್ಚಿಸಿ ಹತ್ತಿಯ ಎಳೆ ತಾಗಿಸಿ, ‘ಎಲ್ಲಿ ಮುಟ್ಟಿದೆ, ಬೆರಳಿಟ್ಟು ತೋರಿಸು’ ಅನ್ನುತ್ತಿದ್ದರು. ಬೆರಳು ಮಚ್ಚೆಯ ಹತ್ತಿರಕ್ಕೂ ಬರದಿದ್ದರೆ ಕುಷ್ಠ. ಬಹು ಔಷಧಿ ಚಿಕಿತ್ಸೆ ಬಂದ ಮೇಲೆ ಆರು ತಿಂಗಳಿಗೋ ವರ್ಷಕ್ಕೋ ವಾಸಿಯಾಗುವ ಕಾಯಿಲೆ ಅದು. ತಡ ಮಾಡಿದವರ ಬೆರಳು ಮಾತ್ರ ವಾಪಸು ಬರುವುದಿಲ್ಲ. ಹಾಗೆಯೇ ದದ್ದೇ ಇಲ್ಲದೆ ಮೈಯೆಲ್ಲ ತಿಂಗಳುಗಟ್ಟಲೆ ನವೆ ಅಂದರೆ ಮುಲಾಮು ಕೊಡದೆ ರಕ್ತ ಪರೀಕ್ಷೆಗೆ ಕಳಿಸುತ್ತಿದ್ದರು. ಲಿವರ್, ಕಿಡ್ನಿ, ಥೈರಾಯ್ಡ್ ತೊಂದರೆಗಳು ಹೀಗೂ ಬಾಗಿಲು ತಟ್ಟುತ್ತವೆ.

ಆಮೇಲೆ ಟ್ಯೂಬುಗಳು ಬಂದವು. ನನ್ನ ಗಾಜಿನ ಹಲಗೆ ಮೂಲೆ ಸೇರಿದ್ದಕ್ಕೆ ನನಗೆ ಬೇಸರವಿಲ್ಲ; ಕ್ಲೋಟ್ರಿಮಜೋಲ್, ಟರ್ಬಿನಾಫಿನ್ ಒಳ್ಳೆಯ ಔಷಧಿಗಳೇ. ಕೆಟ್ಟದ್ದು ಆ ಕಲಬೆರಕೆ ಕ್ರೀಮು. ಕ್ಲೋಬೆಟಸಾಲ್‌ನಂಥ ಕಡು ಸ್ಟಿರಾಯ್ಡು, ಬೂಷ್ಟಿಗೊಂದು, ಬ್ಯಾಕ್ಟೀರಿಯಾಕ್ಕೊಂದು, ಎಲ್ಲ ಒಂದೇ ಟ್ಯೂಬಿನಲ್ಲಿ. ಚೀಟಿ ಬೇಡ, ಅಂಗಿ ಬಿಚ್ಚುವುದು ಬೇಡ, ಯಾವ ನವೆ ಅಂತ ಕೇಳುವವರಿಲ್ಲ. ಎರಡೇ ದಿನಕ್ಕೆ ಕೆಂಪು ಇಳಿದು ನವೆ ನಿಲ್ಲುತ್ತದೆ. ಒಳಗೆ ಬೂಷ್ಟು ಹಾಯಾಗಿ ಹಬ್ಬುತ್ತದೆ. ಹಚ್ಚುವುದು ಬಿಟ್ಟ ವಾರಕ್ಕೆ ಇಮ್ಮಡಿಯಾಗಿ ಏಳುತ್ತದೆ, ಮತ್ತೆ ಅದೇ ಟ್ಯೂಬು.

ಡಾಕ್ಟರ ಮಗಳು ಚರ್ಮರೋಗದ ಎಂಡಿ ಮುಗಿಸಿ ಅದೇ ಶಾಪಿನಲ್ಲಿ ಕೂರುವ ಹೊತ್ತಿಗೆ ಬರುತ್ತಿದ್ದ ಹುಳುಕಡ್ಡಿಗೆ ಅಂಚೇ ಇರಲಿಲ್ಲ. ಹೊಟ್ಟಿಲ್ಲ, ದುಂಡಿಲ್ಲ, ಉಂಗುರದೊಳಗೊಂದು ಉಂಗುರ ಅಥವಾ ಬರೀ ಕಂದು ಹರಡು. ತೊಡೆಸಂದಿನಲ್ಲಿ ಚರ್ಮ ತೆಳುವಾಗಿ ಬಸುರಿಯ ಹೊಟ್ಟೆಯ ಮೇಲಿರುವಂಥ ಬಿರುಕುಗೆರೆ. ಇಸುಬೋ ಹುಳುಕಡ್ಡಿಯೋ ಅಂತ ಓದಿದವರೇ ಸ್ಲೈಡ್ ನೋಡದೆ ಹೇಳಲಾರರು. ಎರಡು ವಾರದಲ್ಲಿ ಹೋಗುತ್ತಿದ್ದ ಕಾಯಿಲೆಗೆ ಈಗ ಎಷ್ಟೋ ವಾರ ಇಟ್ರಾಕೊನಜೋಲ್ ಗುಳಿಗೆ ನುಂಗಬೇಕು. ಟರ್ಬಿನಾಫಿನ್‌ಗೆ ಜಗ್ಗದ ಬೂಷ್ಟೊಂದಕ್ಕೆ 2020ರಲ್ಲಿ ಟ್ರೈಕೋಫೈಟಾನ್ ಇಂಡೋಟಿನಿಯೇ ಎಂದು ನಮ್ಮ ದೇಶವನ್ನೇ ಸೇರಿಸಿ ಹೆಸರಿಟ್ಟಿದ್ದಾರೆ. ತೀರಾ ಹೆಮ್ಮೆಪಡುವ ಸಂಗತಿಯಲ್ಲ.

2018ರಲ್ಲಿ ಕೇಂದ್ರ ಸರ್ಕಾರ ಇಂಥ ಸ್ಟಿರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿ, ಚೀಟಿಯಿಲ್ಲದೆ ಮಾರಕೂಡದು ಅಂದಿತು. ಕಾನೂನು ಕಾಗದದಲ್ಲಿದೆ, ಟ್ಯೂಬು ಕೈಗೆ ಸಿಗುತ್ತಲೇ ಇದೆ. ಸ್ಟಿರಾಯ್ಡೇ ವಿಷ ಅಂತ ನಾನು ಹೇಳುತ್ತಿಲ್ಲ. ಇಸುಬಿಗೆ ಅದು ಬೇಕು, ಡಾಕ್ಟರು ಅಳತೆ ಹೇಳಿ ಕೊಡಬೇಕು, ಅಷ್ಟೆ.

ನವೆ ಅಂತ ಚರ್ಮದ ಡಾಕ್ಟರ ಹತ್ತಿರ ಹೋಗುವಾಗ ಈಗಾಗಲೇ ಹಚ್ಚಿರುವ ಟ್ಯೂಬು, ಖಾಲಿಯಾಗಿದ್ದರೂ ಸರಿ, ಜೇಬಿನಲ್ಲಿಟ್ಟುಕೊಂಡು ಹೋಗಿ. ಬಯ್ಯುತ್ತಾರೆ ಅಂತ ಮನೆಯಲ್ಲಿ ಬಿಟ್ಟು ಹೋಗಬೇಡಿ.